ಕಾರಿನ ಏಸಿ ತಂಪು ಕೊಡುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮುನ್ನ ಮನೆಯಲ್ಲೇ ನೋಡಬೇಕಾದ್ದು

ಮಾರ್ಚ್ ಕಳೆದು ಬಿಸಿಲೇರಿತೆಂದರೆ ಕಾರ್ ಏಸಿ ಅಂಗಡಿಗಳ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ. ಬಂದವರಲ್ಲಿ ಹೆಚ್ಚಿನವರಿಗೆ ಸಿಗುವ ಉತ್ತರ ಒಂದೇ: "ಗ್ಯಾಸ್ ಕಮ್ಮಿ ಆಗಿದೆ ಸಾರ್, ತುಂಬಿಸಿದ್ರೆ ಸರಿಹೋಗುತ್ತೆ." ತುಂಬಿಸುತ್ತಾರೆ, ತಂಪೂ ಬರುತ್ತದೆ. ಒಂದೆರಡು ತಿಂಗಳಲ್ಲಿ ಮತ್ತೆ ಬಿಸಿಗಾಳಿ, ಮತ್ತದೇ ಅಂಗಡಿ, ಮತ್ತದೇ ಉತ್ತರ.

ಏಸಿ ಗ್ಯಾಸ್ ಪೆಟ್ರೋಲಿನಂತೆ ಓಡಿಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸುಗಳಿಂದಲೋ ಕಂಪ್ರೆಸರಿನ ಸೀಲಿನಿಂದಲೋ ವರ್ಷಕ್ಕೆ ಒಂದಿಷ್ಟು ಗ್ರಾಂ ಜಿನುಗುವುದು ಸಹಜ. ಹಾಗಾಗಿ ಆರೇಳು ವರ್ಷ ಓಡಿದ ಕಾರು ಒಮ್ಮೆ ಗ್ಯಾಸ್ ಕೇಳಿದರೆ ಅನುಮಾನಪಡಬೇಕಾಗಿಲ್ಲ. ಪ್ರತಿ ಬೇಸಿಗೆಗೂ ಕೇಳುತ್ತಿದ್ದರೆ ಎಲ್ಲೋ ಸೋರುತ್ತಿದೆ, ಆ ಜಾಗವನ್ನು ಯಾರೂ ಹುಡುಕಿಲ್ಲ. ಇನ್ನು ಎಷ್ಟೋ ಕಾರುಗಳಲ್ಲಿ ಗ್ಯಾಸ್ ಪೂರ್ತಿ ಇರುತ್ತದೆ. ಕೆಟ್ಟಿರುವುದು ಒಂದು ರಿಲೇ (ಕರೆಂಟ್ ಹರಿಸುವ, ತಡೆಯುವ ಪುಟ್ಟ ಸ್ವಿಚ್), ಒಂದು ಫ್ಯಾನು, ಇಲ್ಲವೇ ಧೂಳು ಕಟ್ಟಿದ ಒಂದು ಫಿಲ್ಟರ್. ಇವನ್ನೆಲ್ಲ ಮನೆಯ ಅಂಗಳದಲ್ಲಿ, ಒಂದು ಥರ್ಮಾಮೀಟರ್, ಒಂದು ಟಾರ್ಚ್, ಸಾಧ್ಯವಾದರೆ ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ಇಟ್ಟುಕೊಂಡು ಪತ್ತೆ ಮಾಡಬಹುದು. ರಿಪೇರಿ ನೀವೇ ಮಾಡದಿದ್ದರೂ ಪರವಾಗಿಲ್ಲ. ರೋಗ ಯಾವುದೆಂದು ತಿಳಿದು ಗ್ಯಾರೇಜಿಗೆ ಹೋದರೆ ದುಡ್ಡೂ ಉಳಿಯುತ್ತದೆ, ಕಂಪ್ರೆಸರೂ ಉಳಿಯುತ್ತದೆ.

ಗ್ಯಾಸ್ ಸುತ್ತುವ ದಾರಿ

ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿ ಗ್ಯಾಸ್ ಕಾರಿನ ಮೂತಿಯಲ್ಲಿ, ರೇಡಿಯೇಟರಿಗೂ ಮುಂದೆ ಇರುವ ಕಂಡೆನ್ಸರಿಗೆ ಬರುತ್ತದೆ. ಅಲ್ಲಿ ಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ದ್ರವ ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ರಂಧ್ರ ದಾಟಿದಾಗ ಒತ್ತಡ ಒಮ್ಮೆಲೇ ಇಳಿದು, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕಾರಿನೊಳಗಿನ ಗಾಳಿಯಿಂದಲೇ ಎಳೆದುಕೊಳ್ಳುವುದರಿಂದ ನಮಗೆ ತಂಪು. ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ.

ಇದರಲ್ಲಿ ನೆನಪಿಡಬೇಕಾದ್ದು, ಮುಂದಿನ ಕಂಡೆನ್ಸರ್ ಶಾಖವನ್ನು ಹೊರಗೆ ಹಾಕಬೇಕು, ಒಳಗಿನ ಕಾಯಿಲ್ ಶಾಖವನ್ನು ಒಳಗೆಳೆದುಕೊಳ್ಳಬೇಕು, ಎರಡಕ್ಕೂ ಗಾಳಿ ಬೇಕು. ಗ್ಯಾಸಿನ ಮೇಲೆ ಅನುಮಾನಪಡುವ ಮುಂಚೆ ಗಾಳಿಯನ್ನು ನೋಡಿ ಎಂದು ನಾನು ಹೇಳುವುದು ಅದಕ್ಕೇ.

ಕೈ ಹಾಕುವ ಮುನ್ನ

ಎಂಜಿನ್ ಚಾಲೂ ಇಟ್ಟು ನೋಡುವ ಪರೀಕ್ಷೆಗಳನ್ನು ಬಯಲಲ್ಲೇ ಮಾಡಿ, ಶೆಡ್ಡಿನ ಬಾಗಿಲು ಹಾಕಿಕೊಂಡು ಬೇಡ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸೆರಗು, ದುಪಟ್ಟಾ, ತೋಳಿನ ಅಂಗಿ, ಕೊರಳ ಸರ ಬೆಲ್ಟಿನ ಹತ್ತಿರ ಬರಬಾರದು. ಕಂಡೆನ್ಸರ್ ಫ್ಯಾನು ಮುನ್ಸೂಚನೆ ಇಲ್ಲದೆ ತಿರುಗಲು ಶುರುಮಾಡುತ್ತದೆ, ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ. ಏಸಿ ಪೈಪಿನ ಯಾವ ನಟ್ಟನ್ನೂ ಸಡಿಲಿಸಬೇಡಿ. ಒಳಗಿನ ದ್ರವ ಕಣ್ಣಿಗೋ ಚರ್ಮಕ್ಕೋ ಸಿಡಿದರೆ ಆ ಜಾಗ ಕ್ಷಣದಲ್ಲಿ ಹೆಪ್ಪುಗಟ್ಟಿ ಗಾಯವಾಗುತ್ತದೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕ್ಯಾಬಿನ್ ಫಿಲ್ಟರ್ ನೋಡಿ, ಕಂಡೆನ್ಸರ್ ತೊಳೆದು, ಅಲ್ಲಿಗೆ ನಿಲ್ಲಿಸಿ. ಅವುಗಳ ಕಂಪ್ರೆಸರಿಗೆ ಹೋಗುವ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಮೊದಲು ಅಳೆಯಿರಿ

"ತಂಪು ಸಾಲುತ್ತಿಲ್ಲ" ಎಂಬುದು ದೂರೇ ಹೊರತು ರೋಗವಲ್ಲ. ಬಿಸಿಲಲ್ಲಿ ಮಧ್ಯಾಹ್ನವಿಡೀ ನಿಂತ ಕಾರಿನ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಕಾದಿರುತ್ತವೆ. ಸರಿಯಾಗಿರುವ ಏಸಿಗೂ ಅದನ್ನು ಇಳಿಸಲು ಹತ್ತು ಹದಿನೈದು ನಿಮಿಷ ಬೇಕು. ಅದಕ್ಕೆ ಅಳತೆ ಬೇಕಾಗುವುದು.

ಕಾರನ್ನು ನೆರಳಿಗೆ ತನ್ನಿ. ಬಾಗಿಲು ತೆರೆದಿಟ್ಟು ಒಳಗಿನ ಕಾವು ಹೋಗಲು ಬಿಡಿ. ಆಮೇಲೆ ಬಾಗಿಲು, ಗಾಜು ಮುಚ್ಚಿ, ಏಸಿ ಹಾಕಿ, ಟೆಂಪರೇಚರ್ ನಾಬನ್ನು ಅತಿ ತಣ್ಣಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವಂತೆ ರೀಸರ್ಕ್ಯುಲೇಷನ್ ಒತ್ತಿ. ಒಳಗೆ ಗಾಳಿ ಊದುವ ಬ್ಲೋವರ್ ಮಧ್ಯಮ ವೇಗದಲ್ಲಿರಲಿ. ಥರ್ಮಾಮೀಟರಿನ ತುದಿಯನ್ನು ನಡುವಿನ ವೆಂಟಿನೊಳಗೆ ತೂರಿಸಿ, ಎಂಜಿನನ್ನು ಸುಮಾರು 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಇಡಿ. ಬೆಂಗಳೂರು, ಮೈಸೂರಿನ 30 ಡಿಗ್ರಿ ಹವೆಯಲ್ಲಿ ವೆಂಟಿನ ಗಾಳಿ 5ರಿಂದ 10 ಡಿಗ್ರಿಗೆ ಇಳಿದರೆ ಏಸಿಗೆ ಏನೂ ಆಗಿಲ್ಲ. ರಾಯಚೂರು, ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ 12–14ಕ್ಕೆ ನಿಂತರೂ ಗಾಬರಿ ಬೇಡ. ಮಂಗಳೂರು, ಕಾರವಾರದ ಕಡೆ ಹವೆ ಅಷ್ಟು ಬಿಸಿ ಇರದಿದ್ದರೂ ಅಂಕಿ ಮೇಲಿರುತ್ತದೆ, ಯಾಕೆಂದರೆ ಗಾಳಿಯಲ್ಲಿನ ತೇವವನ್ನು ನೀರಾಗಿಸುವುದಕ್ಕೇ ಕಾಯಿಲಿನ ಶಕ್ತಿ ಬಹಳಷ್ಟು ಹೋಗುತ್ತದೆ. ಅಲ್ಲಿ ಕಾರಿನಡಿ ಧಾರಾಳವಾಗಿ ನೀರು ತೊಟ್ಟಿಕ್ಕುತ್ತಿದ್ದರೆ ಏಸಿ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ.

ಒಮ್ಮೆ ಐಡ್ಲಿಂಗಿನಲ್ಲಿ, ಒಮ್ಮೆ 1500ರಲ್ಲಿ, ಒಮ್ಮೆ ಹೆದ್ದಾರಿಯಲ್ಲಿ ಓಡಿಸುವಾಗ, ಮೂರೂ ಕಡೆಯ ಅಂಕಿ ಬರೆದಿಟ್ಟುಕೊಳ್ಳಿ. ಮುಂದಿನ ಹುಡುಕಾಟಕ್ಕೆ ಇದೇ ಆಧಾರ.

ಗಾಳಿಯೇ ಕಮ್ಮಿ ಬರುತ್ತಿದ್ದರೆ

ಬ್ಲೋವರ್ ನಾಲ್ಕಕ್ಕೆ ಇಟ್ಟರೂ ಮುಖಕ್ಕೆ ಗಾಳಿ ಸೋಕುವುದಿಲ್ಲ, ಸದ್ದು ಮಾತ್ರ ಜೋರು. ಇಂಥ ಕಡೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆಯಿರಿ. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್‌ಬಾಕ್ಸಿನ ಹಿಂದಿರುತ್ತದೆ. ಪೆಟ್ಟಿಗೆಯ ಎರಡೂ ಪಕ್ಕ ಒಳಗೊತ್ತಿ ಕೆಳಗಿಳಿಸಿದರೆ ಉದ್ದನೆಯ ಒಂದು ಮುಚ್ಚಳ ಕಾಣುತ್ತದೆ. ಮಲೆನಾಡಿನ ಕಾರುಗಳಲ್ಲಿ ಕೊಳೆತ ಎಲೆ, ಬಯಲುಸೀಮೆಯ ಕಾರುಗಳಲ್ಲಿ ಕೆಂಧೂಳಿನ ಹೊದಿಕೆ. ಫಿಲ್ಟರ್ ತೆಗೆದು ಪಕ್ಕಕ್ಕಿಟ್ಟು ಒಂದು ನಿಮಿಷ ಏಸಿ ಹಾಕಿ. ಗಾಳಿ ಜೋರಾಯಿತೆಂದರೆ ಹೊಸ ಫಿಲ್ಟರ್ ಹಾಕಿ, ಕೆಲಸ ಮುಗಿಯಿತು. ಕೆಲವು ಕಡಿಮೆ ಬೆಲೆಯ ಮಾದರಿಗಳಲ್ಲಿ ಫಿಲ್ಟರಿನ ಜಾಗ ಇರುತ್ತದೆ, ಫಿಲ್ಟರ್ ಇರುವುದಿಲ್ಲ. ಅಂಥ ಕಾರಿನಲ್ಲಿ ಧೂಳೆಲ್ಲ ನೇರ ಕೂಲಿಂಗ್ ಕಾಯಿಲಿಗೆ ಮೆತ್ತಿಕೊಂಡಿರುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚಿ ಕಾಯಿಲ್ ತೊಳೆಸುವಷ್ಟರ ಮಟ್ಟಿಗೆ ಹೋಗುವ ಮುನ್ನವೇ ಒಂದು ಫಿಲ್ಟರ್ ತಂದು ಹಾಕುವುದು ಒಳ್ಳೆಯದು.

ಫಿಲ್ಟರಿನ ಜಾಗಕ್ಕೆ ಟಾರ್ಚ್ ಬಿಟ್ಟು ಒಳಗೂ ನೋಡಿ. ಮನೆಯ ಹೊರಗೆ, ತೋಟದ ಬದಿಯಲ್ಲಿ ನಿಲ್ಲುವ ಕಾರಾದರೆ ಬ್ಲೋವರಿನಲ್ಲಿ ಇಲಿ ಗೂಡು ಕಟ್ಟಿರುವುದು ಅಪರೂಪವೇನಲ್ಲ. ಬಟ್ಟೆ ಚೂರು, ಹುಲ್ಲು, ಕಡಿದ ವೈರು ಕಂಡರೆ ಎಂಜಿನ್ ಕಡೆಯ ವೈರುಗಳನ್ನೂ ನೋಡಬೇಕು.

ಒಂದು, ಎರಡು, ಮೂರನೇ ವೇಗದಲ್ಲಿ ಬ್ಲೋವರ್ ಸುಮ್ಮನಿದ್ದು ನಾಲ್ಕನೆಯದರಲ್ಲಿ ಮಾತ್ರ ತಿರುಗಿದರೆ ಅದರ ವೇಗ ತಗ್ಗಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಇದಕ್ಕೆ ಬೇರೆ ಪರೀಕ್ಷೆಯೇ ಬೇಡ. ಬದಲಿಸುವಾಗ ಅದರ ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿದೆಯೋ ಎಂದೂ ನೋಡಿ. ಕರಗಿದ್ದರೆ ಬ್ಲೋವರ್ ಮೋಟರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆಯುತ್ತಿದೆ, ಹೊಸ ರೆಸಿಸ್ಟರೂ ಬೇಗ ಸುಡುತ್ತದೆ.

ಗಾಳಿ ಜೋರಾಗಿದೆ, ತಂಪಿಲ್ಲ

ಈಗ ಬಾನೆಟ್ ತೆರೆಯಿರಿ. ಒಬ್ಬರು ಒಳಗೆ ಕೂತು ಏಸಿ ಸ್ವಿಚ್ ಒತ್ತಿ ಬಿಡುತ್ತಿರಲಿ. ನೀವು ಕಂಪ್ರೆಸರಿನ ಮುಖ ನೋಡಿ. ಬೆಲ್ಟ್ ಸುತ್ತಿಕೊಂಡಿರುವ ಪುಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ತಿರುಗುತ್ತದೆ. ಅದರ ನಡುವೆ ಸ್ಪ್ರಿಂಗಿನ ಮೂರು ತೋಳುಗಳಿರುವ ಒಂದು ಉಕ್ಕಿನ ತಟ್ಟೆ ಇರುತ್ತದೆ. ಏಸಿ ಆಫ್ ಇದ್ದಾಗ ಅದು ನಿಂತಿರುತ್ತದೆ. ಆನ್ ಮಾಡಿದ ಕೂಡಲೇ ಟಕ್ ಎಂದು ಪುಲ್ಲಿಗೆ ಅಂಟಿಕೊಂಡು ತಾನೂ ತಿರುಗಬೇಕು. ವಿದ್ಯುತ್ ಅಯಸ್ಕಾಂತದಿಂದ ಹೀಗೆ ಅಂಟಿಸುವ ಈ ಜೋಡಣೆಯೇ ಕಂಪ್ರೆಸರಿನ ಕ್ಲಚ್. ಅದೇ ಹೊತ್ತಿಗೆ ಎಂಜಿನ್ನಿನ ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ಸುಧಾರಿಸಿಕೊಳ್ಳುತ್ತದೆ. ಈ ತಟ್ಟೆಯನ್ನು ಐದು ನಿಮಿಷ ಗಮನಿಸಿ ನೋಡಿದವರಿಗೆ ಅರ್ಧ ರೋಗ ಗೊತ್ತಾದ ಹಾಗೆ.

ತಟ್ಟೆ ಅಂಟಿಕೊಂಡು, ಎರಡು ಮೂರು ಸೆಕೆಂಡಿಗೇ ಬಿಟ್ಟು, ಮತ್ತೆ ಅಂಟಿ, ಮತ್ತೆ ಬಿಡುತ್ತಿದ್ದರೆ ಗ್ಯಾಸ್ ಕಮ್ಮಿ ಇರುವ ಸಾಧ್ಯತೆಯೇ ಹೆಚ್ಚು. ಕಂಪ್ರೆಸರ್ ಎಳೆದ ಕೂಡಲೇ ಒತ್ತಡ ಕುಸಿದು ಪ್ರೆಷರ್ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಒತ್ತಡ ಸಮವಾದಾಗ ಮತ್ತೆ ಓಡಲು ಬಿಡುತ್ತದೆ.

ತಟ್ಟೆ ಅಲುಗುವುದೇ ಇಲ್ಲವೆಂದರೆ ಕರೆಂಟಿನ ದಾರಿ ಹಿಡಿಯಿರಿ. ಮೊದಲು ಫ್ಯೂಸ್. ಆಮೇಲೆ ರಿಲೇ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಯಾವುದು ಎಲ್ಲಿದೆ ಎಂಬ ನಕ್ಷೆ ಇರುತ್ತದೆ. ಹಾರ್ನ್‌ನದೋ ಬೇರೆ ಯಾವುದರದೋ ರಿಲೇ ಮೇಲೆ ಅದೇ ನಂಬರ್ ಇದ್ದರೆ ಅದನ್ನು ಏಸಿ ರಿಲೇಯ ಜಾಗಕ್ಕೆ ಹಾಕಿ ನೋಡಬಹುದು. ಸರಿಹೋದರೆ ಹೊಸ ರಿಲೇ ತಂದರಾಯಿತು. ಸರಿಹೋಗದಿದ್ದರೆ ಮಲ್ಟಿಮೀಟರ್ ಹಿಡಿದು ಕಂಪ್ರೆಸರ್ ಕ್ಲಚ್ಚಿನ ವೈರಿಗೆ ಏಸಿ ಆನ್ ಇದ್ದಾಗ ವೋಲ್ಟೇಜ್ ಬರುತ್ತಿದೆಯೇ ನೋಡಿ.

12–14 ವೋಲ್ಟ್ ಬರುತ್ತಿದ್ದೂ ತಟ್ಟೆ ಕಚ್ಚದಿದ್ದರೆ ತಪ್ಪು ಕ್ಲಚ್ಚಿನದು. ಎಂಜಿನ್ ಆಫ್ ಮಾಡಿ, ಕನೆಕ್ಟರ್ ಬಿಡಿಸಿ ಕ್ಲಚ್ಚಿನೊಳಗಿನ ವಿದ್ಯುತ್ ಕಾಯಿಲಿನ ಓಮ್ ಅಳೆಯಿರಿ. ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಓಮ್ ಸರಿಯಿದ್ದರೆ ತಟ್ಟೆಗೂ ಪುಲ್ಲಿಗೂ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು) ನೋಡಿ. ಬಹಳಷ್ಟು ಕಾರುಗಳಲ್ಲಿ ಅದು 0.3ರಿಂದ 0.6 ಮಿಲಿಮೀಟರ್ ಇರಬೇಕು. ಸವೆದು ಅಗಲವಾದಾಗ ಒಂದು ವಿಚಿತ್ರ ಲಕ್ಷಣ ಕಾಣಿಸುತ್ತದೆ: ಬೆಳಗ್ಗೆ ಏಸಿ ಚೆನ್ನಾಗಿರುತ್ತದೆ, ಎಂಜಿನ್ ಕೋಣೆ ಕಾದಮೇಲೆ ನಿಲ್ಲುತ್ತದೆ, ಒಂದು ಗಂಟೆ ನಿಲ್ಲಿಸಿ ಹೊರಟರೆ ಮತ್ತೆ ಸರಿ. ಬಿಸಿಯಾದ ಕಾಯಿಲಿನ ಅಯಸ್ಕಾಂತ ಶಕ್ತಿ ಕುಗ್ಗಿ, ಆ ದೂರವನ್ನು ಎಳೆದುಕೊಳ್ಳಲಾರದೆ ಹೋಗುತ್ತದೆ. ಎಷ್ಟೋ ಕಂಪ್ರೆಸರುಗಳಲ್ಲಿ ನಡುವಿನ ತೆಳು ವಾಷರ್ ಒಂದನ್ನು ತೆಗೆದರೆ ಸಂದು ಸರಿಹೋಗುತ್ತದೆ. ಇದಕ್ಕೆ ಹೊಸ ಕಂಪ್ರೆಸರ್ ಹಾಕಿಸಿಕೊಂಡವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕ್ಲಚ್ಚಿಗೆ ವೋಲ್ಟೇಜೇ ಬರುತ್ತಿಲ್ಲವೆಂದರೆ ಯಾವುದೋ ಒಂದು ಸೆನ್ಸರ್ ತಡೆದಿದೆ: ಗ್ಯಾಸ್ ಇಲ್ಲದೆ ಪ್ರೆಷರ್ ಸ್ವಿಚ್ ಬಿಟ್ಟುಕೊಂಡಿರಬಹುದು, ಕೂಲಿಂಗ್ ಕಾಯಿಲಿನ ತಣ್ಪು ಅಳೆಯುವ ಥರ್ಮಿಸ್ಟರ್ ಕೆಟ್ಟಿರಬಹುದು, ಎಂಜಿನ್ ಹೆಚ್ಚು ಬಿಸಿಯಾಗಿದೆಯೆಂದು ಕಾರಿನ ಕಂಪ್ಯೂಟರ್ ತಾನೇ ಏಸಿ ಕಡಿದಿರಬಹುದು. ಇಲ್ಲಿ ಪ್ರೆಷರ್ ಸ್ವಿಚ್ಚಿನ ವೈರುಗಳನ್ನು ತಂತಿಯಿಂದ ಜೋಡಿಸಿ ಕಂಪ್ರೆಸರ್ ಓಡಿಸಿ ನೋಡುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಮಾಡಬೇಡಿ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ. ಗ್ಯಾಸ್ ಇಲ್ಲದೆ ಓಡಿದರೆ ಎಣ್ಣೆಯೂ ಇಲ್ಲದೆ ಓಡಿದಂತೆ. ಮೂರು ವೈರಿನ ಹೊಸ ಬಗೆಯ ಸೆನ್ಸರಾದರೆ ಕಂಪ್ಯೂಟರಿಗೂ ಪೆಟ್ಟಾಗುತ್ತದೆ.

ಎಲ್ಲ ಕಾರಿನಲ್ಲೂ ಈ ಟಕ್ ಸದ್ದು ಕೇಳಿಸುವುದಿಲ್ಲ ಎಂಬುದೂ ಗೊತ್ತಿರಲಿ. ಕ್ಲಚ್ ಇಲ್ಲದ, ಒಳಗೇ ಪಿಸ್ಟನ್ನಿನ ಹೊಡೆತ ಹೆಚ್ಚು ಕಮ್ಮಿ ಮಾಡಿಕೊಳ್ಳುವ ಕಂಪ್ರೆಸರುಗಳು ಈಗ ಬಹಳಷ್ಟು ಕಾರುಗಳಲ್ಲಿವೆ. ಅವುಗಳಲ್ಲಿ ಪೈಪುಗಳೇ ಸಾಕ್ಷಿ. ಒಳಗಿನ ಕಾಯಿಲಿನಿಂದ ಕಂಪ್ರೆಸರಿಗೆ ವಾಪಸು ಬರುವ ದಪ್ಪ ಪೈಪ್ ತಣ್ಣಗಾಗಿ ಬೆವರಬೇಕು, ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವುದು ಬಿಸಿ ಇರಬೇಕು. ಬಿಸಿ ಪೈಪನ್ನು ಹಿಡಿಯಬೇಡಿ, ಬೆರಳು ಸುಡುತ್ತದೆ; ಹತ್ತಿರ ಕೈ ತಂದರೆ ಸಾಕು. ಎರಡೂ ಒಂದೇ ಹದದಲ್ಲಿದ್ದರೆ ಗ್ಯಾಸ್ ಒತ್ತಲ್ಪಡುತ್ತಿಲ್ಲ.

ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ಬಿಸಿ

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅತಿ ಹೆಚ್ಚು ಕೇಳುವ ದೂರು ಇದು. ಇದನ್ನೇ ಗ್ಯಾಸಿನ ಲೆಕ್ಕಕ್ಕೆ ಹಾಕಿ ಅತಿ ಹೆಚ್ಚು ದುಡ್ಡು ಕೀಳುವುದೂ ನಡೆಯುತ್ತದೆ. ಕಾರು ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಫ್ಯಾನ್ ತಿರುಗದಿದ್ದರೆ, ನಿಧಾನ ತಿರುಗಿದರೆ, ಅಥವಾ ಕಂಡೆನ್ಸರಿನ ರೆಕ್ಕೆಗಳ ನಡುವೆ ಕಸ ತುಂಬಿದ್ದರೆ ಶಾಖ ಹೊರಹೋಗದೆ ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ.

ಏಸಿ ಆನ್ ಮಾಡಿ ಮುಂದಿನಿಂದ ನೋಡಿ. ಬಹಳಷ್ಟು ಕಾರುಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಫ್ಯಾನ್ ಶುರುವಾಗಬೇಕು. ಕೆಲವದರಲ್ಲಿ ಒತ್ತಡ ಏರಿದ ಮೇಲೆ ಶುರುವಾಗುತ್ತದೆ, ಒಂದೆರಡು ನಿಮಿಷ ಕಾಯಿರಿ. ಎರಡು ಫ್ಯಾನುಗಳಿದ್ದು ಒಂದೇ ತಿರುಗುತ್ತಿದ್ದರೂ ತಪ್ಪೇ.

ರಾಯಚೂರಿನ ಪರಿಚಯದವರೊಬ್ಬರ ಕಾರು ಹೀಗೇ ಇತ್ತು. ಹೆದ್ದಾರಿಯಲ್ಲಿ ಚಳಿ ಹಿಡಿಸುವಷ್ಟು ತಂಪು, ಊರೊಳಗೆ ಬಂದರೆ ಬೆವರು. ಅಂಗಡಿಯವರು ಮೇಲಿಂದ ಮೇಲೆ ಗ್ಯಾಸ್ ತುಂಬಿದ್ದರು. ಫ್ಯಾನಿನ ರಿಲೇಯನ್ನು ಪೆಟ್ಟಿಗೆಯಿಂದ ಎಳೆದು ನೋಡಿದಾಗ ಅದರ ಒಂದು ಕಾಲು ನೀಲಿ ತಿರುಗಿ ಕಪ್ಪಾಗಿತ್ತು, ಅದು ಕೂರುವ ಸಾಕೆಟ್ಟಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ಬೆಂದು ಉಬ್ಬಿತ್ತು. ಸಡಿಲ ಟರ್ಮಿನಲ್ ಕಾದು ಕಾದು ಫ್ಯಾನಿಗೆ ಪೂರ್ತಿ ವೋಲ್ಟೇಜ್ ಹೋಗುತ್ತಿರಲಿಲ್ಲ. ಟರ್ಮಿನಲ್ಲೂ ರಿಲೇಯೂ ಬದಲಾದವು, ಫ್ಯಾನ್ ಗಾಳಿ ಎಳೆಯತೊಡಗಿತು. ಆದರೆ ತಂಪು ಇನ್ನೂ ಅರ್ಧವೇ ಇತ್ತು, ಯಾಕೆಂದರೆ ಈ ನಡುವೆ ತುಂಬಿದ್ದ ಗ್ಯಾಸ್ ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಎಲ್ಲ ಹೊರತೆಗೆದು ತೂಕ ಹಾಕಿ ತುಂಬಿದ ಮೇಲೆಯೇ ಸರಿಹೋದದ್ದು. ಹೆಚ್ಚು ಗ್ಯಾಸ್ ಎಂದರೆ ಹೆಚ್ಚು ತಂಪಲ್ಲ. ಕಂಡೆನ್ಸರಿನಲ್ಲಿ ದ್ರವವೇ ತುಂಬಿಕೊಂಡು ಶಾಖ ಬಿಡುವ ಜಾಗ ಕಡಿಮೆಯಾಗುತ್ತದೆ.

ಫ್ಯಾನ್ ಸರಿಯಿದ್ದೂ ಅನುಮಾನವಿದ್ದರೆ ಸುಲಭದ ಒಂದು ಪರೀಕ್ಷೆ ಇದೆ. ವೆಂಟಿನಲ್ಲಿ ಥರ್ಮಾಮೀಟರ್ ಇಟ್ಟು, ಐಡ್ಲಿಂಗಿನಲ್ಲಿ ಏಸಿ ಓಡಿಸುತ್ತ, ಗ್ರಿಲ್ಲಿನ ಮುಂದಿನಿಂದ ಕಂಡೆನ್ಸರಿನ ಮೇಲೆ ಪೈಪಿನಲ್ಲಿ ಸಣ್ಣಗೆ ನೀರು ಬಿಡಿ. ವೆಂಟಿನ ಅಂಕಿ ಒಂದೆರಡು ನಿಮಿಷದಲ್ಲಿ ಸರಸರನೆ ಇಳಿದರೆ ಗ್ಯಾಸ್, ಕಂಪ್ರೆಸರ್ ಚೆನ್ನಾಗಿವೆ. ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಹಾಗಿದ್ದರೆ ಎಂಜಿನ್ ತಣ್ಣಗಾದ ಮೇಲೆ ಅದನ್ನು ತೊಳೆಯಿರಿ. ಹತ್ತಿ ಬೆಳೆಯುವ ಸೀಮೆಯಲ್ಲಿ ಓಡಾಡುವ ಕಾರುಗಳ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಹತ್ತಿಯ ನಾರು, ಹುಳು, ಧೂಳು ಸೇರಿ ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಟಾರ್ಚನ್ನು ಓರೆಯಾಗಿ ಬಿಟ್ಟು ಇಣುಕಬೇಕು. ವಾಟರ್ ಸರ್ವಿಸಿನ ಜೋರು ಪ್ರೆಷರ್ ಬೇಡ, ತೆಳು ಅಲ್ಯೂಮಿನಿಯಂ ರೆಕ್ಕೆ ಮಡಚಿಕೊಂಡು ಇದ್ದ ಗಾಳಿಯೂ ನಿಲ್ಲುತ್ತದೆ. ತೋಟಕ್ಕೆ ನೀರು ಹಾಕುವ ಪೈಪು, ಮೆತ್ತನೆಯ ಬ್ರಷ್ಷು ಸಾಕು.

ಅರ್ಧ ಗಂಟೆ ತಂಪು, ಆಮೇಲೆ ಇಲ್ಲ

ಇದರಲ್ಲಿ ಮೂರು ಬಗೆ. ತಂಪು ಹೋದಾಗ ಗಾಳಿಯೂ ಕಮ್ಮಿಯಾಯಿತೇ ಎಂದು ಗಮನಿಸಿ. ಕಮ್ಮಿಯಾಗಿದ್ದರೆ ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿದೆ. ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಹತ್ತು ನಿಮಿಷ ಜೋರಾಗಿ ಓಡಿಸಿ. ಕಾರಿನಡಿ ನೀರು ಸುರಿದು ಗಾಳಿ ಮರಳಿದರೆ ಅದು ಖಚಿತ. ಸೊನ್ನೆ ಡಿಗ್ರಿಯ ಹತ್ತಿರ ಕಂಪ್ರೆಸರ್ ನಿಲ್ಲಿಸಬೇಕಾದ ಥರ್ಮಿಸ್ಟರ್ ಕೆಟ್ಟಿರಬಹುದು, ಅಥವಾ ಫಿಲ್ಟರ್ ಕಟ್ಟಿಕೊಂಡು ಕಾಯಿಲಿಗೆ ಗಾಳಿ ಸಾಲುತ್ತಿಲ್ಲ.

ಗಾಳಿ ಅಷ್ಟೇ ಜೋರಾಗಿದ್ದು ಬಿಸಿಯಾಯಿತೆಂದರೆ ಮೇಲೆ ಹೇಳಿದ ಕ್ಲಚ್ಚಿನ ಸಂದು ನೋಡಿ. ಕ್ಲಚ್ ಕಚ್ಚಿಯೇ ಇದ್ದು ತಂಪು ಮಾತ್ರ ಬಂದು ಹೋಗುತ್ತಿದ್ದರೆ ವ್ಯವಸ್ಥೆಯೊಳಗೆ ತೇವ ಸೇರಿರಬಹುದು: ನೀರಿನ ಕಣ ಎಕ್ಸ್‌ಪಾನ್ಷನ್ ವಾಲ್ವಿನ ರಂಧ್ರದಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ಬಿಡುತ್ತದೆ. ಸರಿಯಾಗಿ ವ್ಯಾಕ್ಯೂಮ್ ಎಳೆಯದೆ (ಪಂಪಿನಿಂದ ಒಳಗಿನ ಗಾಳಿ, ತೇವ ಹೊರತೆಗೆಯದೆ) ಗ್ಯಾಸ್ ತುಂಬಿದ ಕಾರುಗಳಲ್ಲಿ ಇದು ಬರುತ್ತದೆ. ತೇವ ಹೀರುವ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಎಳೆಸಬೇಕು.

ಒಂದು ವೆಂಟಿನಲ್ಲಿ ತಂಪು, ಇನ್ನೊಂದರಲ್ಲಿ ಬಿಸಿ ಬರುತ್ತಿದ್ದರೆ ಬಿಸಿ-ತಣ್ಣನೆ ಗಾಳಿ ಬೆರೆಸುವ ಬ್ಲೆಂಡ್ ಫ್ಲಾಪ್ ಸಿಕ್ಕಿಕೊಂಡಿದೆಯೇ ನೋಡಿ. ನಾಬ್ ತಿರುಗಿಸುವಾಗ ಡ್ಯಾಶ್‌ಬೋರ್ಡಿನೊಳಗೆ ಟಕಟಕ ಸದ್ದು ಬಂದರೆ ಅದರ ಪುಟ್ಟ ಮೋಟರಿನ ಗೇರ್ ಮುರಿದಿದೆ. ಕೆಲವು ಕಾರುಗಳಲ್ಲಿ ಗ್ಯಾಸ್ ಕಮ್ಮಿಯಾದಾಗಲೂ ಎಡಬಲದ ವೆಂಟುಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಸೋರಿಕೆ ಎಲ್ಲಿ?

ಮೇಲಿನದೆಲ್ಲ ನೋಡಿ ಗ್ಯಾಸೇ ಕಮ್ಮಿ ಎಂದು ಗೊತ್ತಾದರೆ ಹುಡುಕಬೇಕಾದ್ದು ತೂತನ್ನು. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಹೋಗುವಾಗ ಕಂಪ್ರೆಸರಿನ ಎಣ್ಣೆಯನ್ನೂ ಸ್ವಲ್ಪ ಸ್ವಲ್ಪ ಹೊರತರುತ್ತದೆ, ಆ ಎಣ್ಣೆಗೆ ಧೂಳು ಹತ್ತುತ್ತದೆ. ಟಾರ್ಚ್ ಹಿಡಿದು ಪ್ರತಿ ಪೈಪಿನ ಜಾಯಿಂಟ್, ಕಂಡೆನ್ಸರಿನ ಮೂಲೆಗಳು, ಕಂಪ್ರೆಸರಿನ ಮುಂಭಾಗ, ರಬ್ಬರ್ ಹೋಸ್ ಲೋಹಕ್ಕೆ ಸೇರುವ ಕಡೆ, ಎಲ್ಲವನ್ನೂ ನೋಡಿ. ಸುತ್ತಲೂ ಒಣ ಧೂಳಿದ್ದು ಒಂದು ಕಡೆ ಮಾತ್ರ ಜಿಡ್ಡಾದ, ಕಪ್ಪನೆಯ, ಅಂಗೈ ಬೆವರಿದಂಥ ಮಚ್ಚೆ ಕಂಡರೆ ಅಲ್ಲಿ ಬೆರಳಿಟ್ಟು ನೋಡಿ. ಎಣ್ಣೆ ಹತ್ತಿದರೆ ಅದೇ ಜಾಗ. ಕಂಡೆನ್ಸರಿಗೆ ಹೆದ್ದಾರಿಯ ಕಲ್ಲು ಬಡಿಯುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ.

ಸೋಪಿನ ನೀರನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ಎಂಜಿನ್ ಆಫ್ ಇದ್ದಾಗ ಅನುಮಾನದ ಜಾಗಕ್ಕೆ ಹಚ್ಚಿ ಎರಡು ನಿಮಿಷ ಕಾಯಿರಿ. ಗ್ಯಾಸ್ ತುಂಬುವ ಪೋರ್ಟುಗಳ ಮುಚ್ಚಳ ಬಿಚ್ಚಿ ವಾಲ್ವಿನ ಮೇಲೂ ಒಂದು ತೊಟ್ಟು ಹಾಕಿ. ಟ್ಯೂಬ್‌ಲೆಸ್ ಟೈರಿನ ವಾಲ್ವಿನಂಥದೇ ಆದ ಈ ಚಿಕ್ಕ ಕೋರ್ ಸೋರಿ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವವರು ಕಮ್ಮಿಯೇನಿಲ್ಲ. ಗುಳ್ಳೆ ನಿಧಾನವಾಗಿ ಉಬ್ಬಿದರೆ ಕೋರ್ ಬದಲಿಸುವುದಷ್ಟೇ ಕೆಲಸ, ಆದರೆ ಅದನ್ನು ಗ್ಯಾಸ್ ಹೊರತೆಗೆದ ಮೇಲೆ ಅಂಗಡಿಯಲ್ಲೇ ಮಾಡಿಸಿ. ಮುಚ್ಚಳವನ್ನು ಕಳೆಯದೆ ಮರಳಿ ಬಿಗಿಯಾಗಿ ಹಾಕಿ. ಧೂಳು ತಡೆಯುವುದರ ಜೊತೆಗೆ ಅದೂ ಒಂದು ಸೀಲು.

ಹೊರಗೆ ಎಲ್ಲೂ ಗುರುತಿಲ್ಲದೆ ಗ್ಯಾಸ್ ಮಾತ್ರ ಹೋಗುತ್ತಿದ್ದರೆ ಒಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿರಬಹುದು. ಅದನ್ನು ಕಣ್ಣಿನಿಂದ ನೋಡಲಾಗದು. ನೀರು ಹೋಗುವ ಡ್ರೇನ್ ಪೈಪಿನ ಬಾಯಲ್ಲಿ ಎಲೆಕ್ಟ್ರಾನಿಕ್ ಡಿಟೆಕ್ಟರ್ ಹಿಡಿದೋ, ಹೊಳೆಯುವ ಡೈ ಹಾಕಿ ಯುವಿ ಟಾರ್ಚಿನಲ್ಲೋ ನೋಡುವ ಅಂಗಡಿ ಹುಡುಕಿಕೊಳ್ಳಿ. ಡ್ಯಾಶ್‌ಬೋರ್ಡ್ ಬಿಚ್ಚುವ ದೊಡ್ಡ ಕೆಲಸವಾದ್ದರಿಂದ, ಈ ಸಾಕ್ಷಿ ತೋರಿಸದೆ ಕಾಯಿಲ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಗೇಜಿನ ಮಾತು

ಅಂಗಡಿಯವರು ಒತ್ತಡ ಅಳೆಯುವ ಗೇಜ್ ಹಾಕಿ (ನೀಲಿಯದು ಕಡಿಮೆ ಒತ್ತಡದ ಕಡೆಗೆ, ಕೆಂಪಿನದು ಹೆಚ್ಚು ಒತ್ತಡದ ಕಡೆಗೆ) ಮುಳ್ಳು ತೋರಿಸಿದಾಗ ತಲೆಯಾಡಿಸುವುದಕ್ಕಿಂತ ಅದನ್ನು ಓದಲು ಕಲಿಯುವುದು ಒಳ್ಳೆಯದು. ಎಂಜಿನ್ ಆಫ್ ಇದ್ದಾಗ ಎರಡೂ ಗೇಜ್ ಒಂದೇ ಅಂಕಿ ತೋರಿಸುತ್ತವೆ. ಆರ್-134ಎ ಆದರೆ 30 ಡಿಗ್ರಿ ಹವೆಯಲ್ಲಿ ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ), 40 ಡಿಗ್ರಿಯಲ್ಲಿ ಸುಮಾರು 133. ಆದರೆ ಒಳಗೆ ಸ್ವಲ್ಪವಾದರೂ ದ್ರವ ಉಳಿದಿದ್ದರೆ ಈ ಅಂಕಿ ಬದಲಾಗುವುದೇ ಇಲ್ಲ. ಅದು ಹೇಳುವುದು ಹವೆಯ ಬಿಸಿಯನ್ನು, ಗ್ಯಾಸಿನ ಪ್ರಮಾಣವನ್ನಲ್ಲ. ಅಂಕಿ ತೀರಾ ಕೆಳಗಿದ್ದರೆ ಗ್ಯಾಸ್ ಬಹುತೇಕ ಹೋಗಿದೆ ಎನ್ನಬಹುದು. ಸರಿಯಾಗಿದ್ದರೆ ತುಂಬಿದೆ ಎನ್ನಲಾಗದು.

ಏಸಿ ಓಡುವಾಗ, 30–35 ಡಿಗ್ರಿ ಹವೆಯಲ್ಲಿ ನೀಲಿ ಗೇಜ್ ಹೆಚ್ಚುಕಮ್ಮಿ 25–45, ಕೆಂಪು ಗೇಜ್ 150–250 ಪಿಎಸ್‌ಐ ನಡುವೆ ಇರುತ್ತದೆ. ಎರಡೂ ಕೆಳಗಿದ್ದರೆ ಗ್ಯಾಸ್ ಕಮ್ಮಿ. ಎರಡೂ ಮೇಲಿದ್ದರೆ ಗ್ಯಾಸ್ ಹೆಚ್ಚಾಗಿದೆ, ಒಳಗೆ ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರ್ ತಣಿಯುತ್ತಿಲ್ಲ. ನೀಲಿ ಮೇಲೆದ್ದು ಕೆಂಪು ಕುಸಿದಿದ್ದರೆ ಕಂಪ್ರೆಸರ್ ಸವೆದಿದೆ. ನೀಲಿ ಸೊನ್ನೆಯ ಕಡೆಗೆ, ವ್ಯಾಕ್ಯೂಮಿನ ಕಡೆಗೆ ಇಳಿಯುತ್ತಿದ್ದರೆ ಎಕ್ಸ್‌ಪಾನ್ಷನ್ ವಾಲ್ವಿನಲ್ಲೋ ಡ್ರೈಯರಿನಲ್ಲೋ ದಾರಿ ಕಟ್ಟಿದೆ.

ಅಂತರ್ಜಾಲದಲ್ಲಿ ಗ್ಯಾಸಿನ ಚಿಕ್ಕ ಕ್ಯಾನುಗಳು ಸಿಗುತ್ತವೆ, ಮನೆಯಲ್ಲೇ ತುಂಬಿಕೊಳ್ಳಿ ಎನ್ನುವ ವಿಡಿಯೋಗಳೂ ಸಿಗುತ್ತವೆ. ನಾನು ಬೇಡ ಎನ್ನುತ್ತೇನೆ. ಒಳಗೆ ಎಷ್ಟು ಉಳಿದಿದೆ ಎಂದು ಗೊತ್ತಿಲ್ಲದೆ ಮೇಲೆ ಎಷ್ಟು ಹಾಕಬೇಕೆಂದು ಹೇಳಲಾಗದು. ಕ್ಯಾನನ್ನು ಹೈ ಪ್ರೆಷರ್ ಕಡೆಗೆ ಜೋಡಿಸಿದರೆ ಅದು ಸಿಡಿಯುವ ಅಪಾಯವೂ ಇದೆ.

ನೀರು, ವಾಸನೆ

ಪಕ್ಕದ ಸೀಟಿನ ಮುಂದೆ ಮ್ಯಾಟ್ ಒದ್ದೆಯಾಗುತ್ತಿದ್ದರೆ ಡ್ರೇನ್ ಪೈಪ್ ಕಟ್ಟಿದೆ. ಕಾರಿನಡಿಯಿಂದ ಮೆತ್ತನೆಯ ಪ್ಲಾಸ್ಟಿಕ್ ಟ್ಯೂಬ್ ತೂರಿಸಿ ಬಿಡಿಸಬಹುದು. ಏಸಿ ಹಾಕಿದ ಕೂಡಲೇ ಹಳೇ ಸಾಕ್ಸಿನ ವಾಸನೆ ಬಂದರೆ ಕಾಯಿಲಿನ ಮೇಲೆ ಬೂಷ್ಟು. ಮನೆ ತಲುಪುವ ಐದು ನಿಮಿಷ ಮುಂಚೆ ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ ಕಾಯಿಲ್ ಒಣಗಿಸುವುದನ್ನು ರೂಢಿ ಮಾಡಿಕೊಳ್ಳಿ. ಸಿಹಿ ವಾಸನೆ ಬಂದು ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು ಕಟ್ಟಿದರೆ ಅದು ಏಸಿಯದಲ್ಲ: ಹೀಟರ್ ಕೋರಿನಿಂದ ಕೂಲೆಂಟ್ ಸೋರುತ್ತಿದೆ. ರೇಡಿಯೇಟರ್ ನೀರಿನ ಮಟ್ಟ ನೋಡದೆ ಗಾಡಿ ಹೊರಡಿಸಬೇಡಿ.

ಅಂಗಡಿಯಲ್ಲಿ ಕೇಳಬೇಕಾದ್ದು

ಬಾನೆಟ್ಟಿನ ಒಳಮೈಗೋ ರೇಡಿಯೇಟರಿನ ಮೇಲಿನ ಪಟ್ಟಿಗೋ ಒಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರಲ್ಲಿ ಗ್ಯಾಸ್ ಯಾವುದು, ಎಷ್ಟು ಗ್ರಾಂ ಎಂದು ಅಚ್ಚಾಗಿರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 350ರಿಂದ 500 ಗ್ರಾಂ. ಅದರ ಫೋಟೊ ಮೊಬೈಲಿನಲ್ಲಿರಲಿ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳುವ ಅಂಗಡಿಯನ್ನೇ ಆರಿಸಿ. ಆರ್-134ಎ ಒಂದು ಕಿಲೋ ಬಿಟ್ಟರೆ 1,430 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಂದು ಸಣ್ಣ ಕಾರಿನ 400 ಗ್ರಾಂ ಎಂದರೆ ಹೆಚ್ಚುಕಮ್ಮಿ 250 ಲೀಟರ್ ಪೆಟ್ರೋಲ್ ಸುಟ್ಟ ಲೆಕ್ಕ. ಇಂಥ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸುವ, ಮಾಂಟ್ರಿಯಲ್ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ.

ಗ್ಯಾಸ್ ತೆಗೆದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು, ಪಂಪ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಮುಳ್ಳು ಮೇಲೇಳುತ್ತದೆಯೇ ನೋಡಬೇಕು. ಎದ್ದರೆ ಸೋರಿಕೆ ಇದೆ, ಗ್ಯಾಸ್ ಹಾಕುವುದೇ ತಪ್ಪು. ಕಡಿಮೆ ಬೆಲೆಗೆ ಅಡುಗೆ ಅನಿಲದಂಥ ಹೊತ್ತಿಕೊಳ್ಳುವ ಮಿಶ್ರಣ ತುಂಬುವವರೂ ಇದ್ದಾರೆ. ಸಿಲಿಂಡರಿನ ಮೇಲೆ ಏನು ಬರೆದಿದೆ ಎಂದು ನೋಡಿ, ಬರಹ ಇಲ್ಲದ ಸಿಲಿಂಡರಿಗೆ ಬೇಡ ಎನ್ನಿ. ಕಂಪ್ರೆಸರ್ ಒಳಗೇ ಪುಡಿಯಾಗಿ ಲೋಹದ ಚೂರು ಹರಡಿದ್ದರೆ ಕಂಪ್ರೆಸರ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ. ಈಗಿನ ಕಂಡೆನ್ಸರುಗಳ ಕೂದಲೆಳೆ ದಾರಿಗಳಲ್ಲಿ ಸಿಕ್ಕ ಚೂರು ಎಷ್ಟು ತೊಳೆದರೂ ಬರುವುದಿಲ್ಲ, ಹೊಸ ಕಂಪ್ರೆಸರನ್ನೂ ಅದೇ ಚೂರು ಕೊಲ್ಲುತ್ತದೆ. ಕಂಡೆನ್ಸರ್, ಡ್ರೈಯರ್, ವಾಲ್ವ್ ಎಲ್ಲ ಒಟ್ಟಿಗೇ ಬದಲಾಗಬೇಕು.

ಬಿಲ್ಲಿನಲ್ಲಿ ಎರಡು ಅಂಕಿ ಬರೆಸಿಕೊಳ್ಳಿ: ಹಳೆಯದು ಎಷ್ಟು ಗ್ರಾಂ ಹೊರಬಂತು, ಹೊಸದು ಎಷ್ಟು ಗ್ರಾಂ ಹೋಯಿತು. ಸ್ಟಿಕ್ಕರಿನಲ್ಲಿ 400 ಇದ್ದು ಹೊರಬಂದದ್ದು 380 ಆದರೆ ನಿಮ್ಮ ತೊಂದರೆಗೆ ಗ್ಯಾಸ್ ಕಾರಣವಾಗಿರಲಿಲ್ಲ. 150 ಬಂದು, 400 ತುಂಬಿಸಿ, ಮುಂದಿನ ವರ್ಷ ಮತ್ತೆ ತೆಗೆದಾಗ 300 ಬಂದರೆ, ವರ್ಷಕ್ಕೆ 100 ಗ್ರಾಂ ಹೋಗುವ ಒಂದು ತೂತು ಇನ್ನೂ ಉಳಿದಿದೆ.